ವೇಗಮಾ ಓಡಾದು

ನಾನು ಮದರಾಸಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಣ್ಣನ ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೆಟ್ಟಿತ್ತು; ರಾಯಪುರಂನ ಮೇಸ್ತ್ರಿ ಅದನ್ನು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿದ್ದ. ಕಾರು ತರಲು ಹೋದವಳು ನಾನು. "ಅಮ್ಮಾ, ವೇಗಮಾ ಓಡಾದು," ಎಂದ. ವೇಗವಾಗಿ ಓಡಾಡು ಎಂಬ ಏಕವಚನ ಚುಚ್ಚಿದರೂ ಅಪ್ಪಣೆ ಹಿಡಿಸಿತು, ಜೋರಾಗಿಯೇ ಬಿಟ್ಟೆ.

ರೈಲ್ವೆ ಗೇಟಿನಲ್ಲಿ, ಸರಿಯಾಗಿ ಹಳಿಯ ಮೇಲೆ, ಎಂಜಿನ್ ಕಿರುಚಿ ಬಿಗಿದುಕೊಂಡಿತು. ದೂರದಲ್ಲಿ ರೈಲು ಕೂಗಿತು. ನಾನು ಇಳಿಯದೆ ಕೀಲಿಯನ್ನೇ ತಿರುಗಿಸುತ್ತಿದ್ದೆ. ಗೇಟಿನವನು "ನ್ಯೂಟ್ರಲ್, ನ್ಯೂಟ್ರಲ್" ಎಂದು ಕೂಗುತ್ತ, ಇಬ್ಬರು ಮೀನುಗಾರರೊಡನೆ, ನಾನು ಕೂತಿದ್ದಂತೆಯೇ ಕಾರನ್ನು ಆಚೆ ತಳ್ಳಿದ. ಹಾದುಹೋದ ರೈಲಿನ ಗಾಳಿಗೆ ಸೆರಗು ಹಾರಿತು.

"ಓಡಾದು ಅಂದ್ರೆ ತಮಿಳಿನಲ್ಲಿ ಓಡೋದಿಲ್ಲ ಅಂತ ಕಣೇ. ಹೊಸ ಪಿಸ್ಟನ್ ಪಳಗೋವರೆಗೂ ನಿಧಾನವಾಗೇ ಬಿಡಬೇಕು," ಎಂದ ಅಣ್ಣ.

ಎಂಜಿನ್ ಮತ್ತೆ ಕಟ್ಟಿದ ಮೇಸ್ತ್ರಿ ಈ ಸಲ ಬಾಯಿಬಿಡದೆ ಕೈಮುಗಿದ. ಅದು ಎರಡೂ ಭಾಷೆಯಲ್ಲಿ ಒಂದೇ.