ಅಮ್ಮ ಕಾಸಿದ ಮೀನೆಣ್ಣೆ

ಎರಡು ವರ್ಷದ ಹಿಂದಿನ ಮಾತು. ಕಡಲ ತೀರದ ನಾವುಂದ ಊರಿನ ನಮ್ಮ ಮನೆಯಲ್ಲಿ ಮೀನುಗಾರಿಕೆಗೆ ಹೋಗುವವನು ತಮ್ಮ ರಾಘು ಒಬ್ಬನೇ. ಆ ವರ್ಷ ಅವನ ವಸಡಿನಲ್ಲಿ ರಕ್ತ ಜಿನುಗತೊಡಗಿತು, ಮೈಮೇಲೆ ನೀಲಿ ಕಲೆಗಳೆದ್ದವು. ಪರೀಕ್ಷೆ ಮಾಡಿಸಿದಾಗ ರಕ್ತದ ಕ್ಯಾನ್ಸರ್ ಎಂದರು.

ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡು ವಿವರಿಸಿದರು. "ಇವರ ಬಿಳಿ ರಕ್ತಕಣಗಳು ಅರ್ಧ ಬೆಳೆದು ನಿಂತುಬಿಟ್ಟಿವೆ. ಅವನ್ನು ಬೆಳೆಸಬೇಕಾದ ಜೀನ್‌ಗಳು ಕೆಲಸ ಮಾಡುತ್ತಿಲ್ಲ. ಈ ಮಾತ್ರೆ ಆ ಜೀನ್‌ಗಳನ್ನು ಎಬ್ಬಿಸುತ್ತದೆ. ಕಣಗಳು ಬಲಿತು, ಆಮೇಲೆ ತಾವಾಗಿಯೇ ಸಾಯುತ್ತವೆ."

"ಸಾಯೂಕೆ ದೊಡ್ಡದ್ ಮಾಡೂದಾ?" ಅಂದಳು ಅಮ್ಮ.

ಅವರು ನಕ್ಕರು. "ಹೌದಮ್ಮ. ಬಲಿಯದಿದ್ದರೆ ಅವು ಸಾಯುವುದೂ ಇಲ್ಲ, ಜಾಗ ಬಿಡುವುದೂ ಇಲ್ಲ. ಈ ಮಾತ್ರೆ ಎ ವಿಟಮಿನ್ ಜಾತಿಯದು."

ಆ ಮಾತ್ರೆ, ಅದರ ಜೊತೆಗೆ ಕೊಟ್ಟ ಇಂಜೆಕ್ಷನ್ ಎರಡೂ ಹಿಡಿಸಿದವು. ರಾಘು ಮನೆಗೆ ಬಂದ. ಮಾತ್ರೆ ಮುಂದುವರಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ತಲೆ ಹಿಡಿದುಕೊಂಡು ವಾಂತಿ ಮಾಡಿದ.

"ಅಕ್ಕಾ, ನೀ ಎರಡೆರಡ್ ಕಾಣ್ತೆ," ಅಂದ.

ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆಯೆಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಕಾರು ಮಾಡಿಕೊಂಡು ಆಸ್ಪತ್ರೆಗೆ ಹೊರಟೆವು. ಬ್ರಹ್ಮಾವರ ದಾಟುವವರೆಗೂ ಅವನನ್ನು ಮಾತಾಡಿಸುತ್ತಲೇ ಇದ್ದೆ. ಆಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಿಸಲಿಲ್ಲ. ಡಾಕ್ಟರಮ್ಮ ನಮ್ಮ ಕಡೆ ತಿರುಗಿ, "ಮಾತ್ರೆ ಬಿಟ್ಟು ಬೇರೇನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು.

ಏನೂ ತಿಳಿಯದ ನಾನು ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಮ್ಮ ಸೆರಗು ಹಿಂಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಶಾರ್ಕ್ ಮೀನಿನ ಲಿವರ್ ಕಾಸಿ ಎಣ್ಣೆ ತೆಗ್ದ್ ದಿನಾ ಕೊಟ್ಟಿದ್ದೆ. ಎ ವಿಟಮಿನ್ ಅಂದ್ ನೀವೇ ಹೇಳಿದ್ರಿ ಅಲ್ದಾ? ಅಂಗ್ಡಿ ಮಾತ್ರೆಗಿಂತ ನಮ್ ಕಡಲಿಂದೇ ಗಟ್ಟಿ ಅಂದ್ಕಂಡೆ."

ಸೊರಗಿದ ಮಕ್ಕಳಿಗೆ ಆ ಎಣ್ಣೆ ಕುಡಿಸುವುದು ನಮ್ಮ ಮನೆಯ ರೂಢಿ. ನಾವಿಬ್ಬರೂ ಮೂಗು ಹಿಡಿದು ಕುಡಿದೇ ಬೆಳೆದವರು. ಡಾಕ್ಟರಮ್ಮ ಗದರಲಿಲ್ಲ. ಮಾತ್ರೆಯೂ ಎಣ್ಣೆಯೂ ಒಂದೇ ಜಾತಿಯವಾದ್ದರಿಂದ ಎರಡೂ ಸೇರಿ ತಲೆಬುರುಡೆಯೊಳಗೆ ಒತ್ತಡ ಏರಿದೆ, ಹಾಗೇ ಬಿಟ್ಟಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು. ಎಣ್ಣೆ ನಿಂತಿತು. ಕೆಲವು ದಿನ ಮಾತ್ರೆಯನ್ನೂ ನಿಲ್ಲಿಸಿ, ಮತ್ತೆ ಕಡಿಮೆ ಪ್ರಮಾಣದಲ್ಲಿ ಶುರುಮಾಡಿದರು. ರಾಘುವಿನ ದೃಷ್ಟಿ ತಿಳಿಯಾಯಿತು. ಕೊನೆಯ ಪರೀಕ್ಷೆಯಲ್ಲಿ ಕಾಯಿಲೆಯ ಕಣಗಳೇ ಸಿಗಲಿಲ್ಲ. ಈಗ ಅವನು ಮತ್ತೆ ಕಡಲಿಗೆ ಹೋಗುತ್ತಾನೆ.

ನನಗೆ ಮಾತ್ರ, ಡಾಕ್ಟರಮ್ಮ ಕೇಳಿದ್ದಕ್ಕೂ ಅಮ್ಮ ಬಾಯಿಬಿಟ್ಟಿದ್ದಕ್ಕೂ ನಡುವೆ ಇದ್ದ ಆ ಮೌನ ನೆನಪಾದರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ. ಹೆದರಿಕೊಂಡು ಅವಳು "ಎಂತದೂ ಇಲ್ಲೆ" ಎಂದಿದ್ದರೆ, ನಾನು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸುತ್ತಿದ್ದೆ.