ಬ್ರೇಕರ್‌ಗೆ ಬಂದ ಕಡಲೆಕಾಯಿ ಎಣ್ಣೆ

ಫ್ರೆಂಡ್ಸ್, ಇವತ್ತು ಕುದೂರಿನ ಹತ್ತಿರದ ನಮ್ಮ ಸಬ್‌ಸ್ಟೇಷನ್ನಿಗೆ ಐದು ಲೀಟರ್ ಕಡಲೆಕಾಯಿ ಎಣ್ಣೆ ಬಂತು. ತಪ್ಪು ನನ್ನದೇ.

ಬೆಳಿಗ್ಗೆ ಕರೆಂಟು ನಿಲ್ಲಿಸಿ, ಲೈನ್ ಕೆಟ್ಟಾಗ ಸರಬರಾಜು ಕಡಿಯುವ, ಎಣ್ಣೆ ತುಂಬಿದ ಹಳೆಯ ಬ್ರೇಕರ್ ತೆಗೆದು ಹೊಸದನ್ನು ಕೂರಿಸುತ್ತಿದ್ದರು. ಹಾಲಿನ ಡೈರಿಯ ಜಯಕ್ಕ ಫೋನ್ ಮಾಡಿದರು. "ಕೂಲರ್ ತುಂಬಾ ಹಾಲೈತೆ, ಜನರೇಟರ್ ಕೆಟ್ಟೈತೆ. ಇನ್ನೊಂದು ಗಂಟೆ ಆದ್ರೆ ಎಲ್ಲಾ ಒಡೆದೋಯ್ತದೆ. ಹೊಸಾದ್ಕೆ ಎಣ್ಣೆ ಹುಯ್ದ್ರಾ?"

ನನಗೆ ಫೋನಿನಲ್ಲಿ ಮಾತಾಡಲು ನಾಚಿಕೆ. "ಅದರೊಳಗೆ ಏನೂ ಇಲ್ಲಕ್ಕ" ಅಂದು ಇಟ್ಟುಬಿಟ್ಟೆ.

ಅರ್ಧ ಗಂಟೆಯಲ್ಲಿ ಜಯಕ್ಕ ಸ್ಕೂಟರಿನಲ್ಲಿ ಎಣ್ಣೆ ಕ್ಯಾನ್ ತಂದು ಗೇಟಿನ ಮುಂದೆ ನಿಂತರು. "ತಕಳಪ್ಪ, ಬೇಗ ಹುಯ್ಯಿ."

ಆಪರೇಟರ್ ಸಿದ್ದರಾಜಣ್ಣ ನಕ್ಕು ನಕ್ಕು ಕೂತೇಬಿಟ್ಟರು. "ಅಕ್ಕಾ, ಇದ್ಕೆ ಎಣ್ಣೆ ಬ್ಯಾಡ. ಒಳಗಿರೋ ಬಾಟ್ಲಲ್ಲಿ ಗಾಳೀನೂ ಇಲ್ಲ. ಲೈನಲ್ಲಿ ಫಾಲ್ಟಾದ್ರೆ ಸ್ಪ್ರಿಂಗು ಕರೆಂಟು ಹಾಯೋ ಕಾಂಟ್ಯಾಕ್ಟ್‌ನ ಒಂದು ಬೆರಳಗಲ ದೂರ ಎಳೀತದೆ. ಕಿಡಿ ಹತ್ಕೊಳ್ಳಾಕೆ ಏನೂ ಸಿಕ್ಕಲ್ಲ, ಅಲ್ಲೇ ಸಾಯ್ತದೆ."

"ಏನೂ ಇಲ್ದಿದ್ದನ್ನ ಬಾಟ್ಲಿಗೆ ತುಂಬಿ ಮಾರ್ತಾರಾ? ನಾನು ಹಾಲಿಗೆ ಒಸಿ ನೀರು ಬಿದ್ರೆ ಬೈಸ್ಕೋತೀನಿ."

ಅಷ್ಟರಲ್ಲಿ ಒಳಗಿನಿಂದ ಕೆಲಸ ಮುಗಿಯಿತು ಅಂದರು. ಸಿದ್ದರಾಜಣ್ಣ ಎದ್ದು ಒಳಗೆ ಹೋದರು. ಮೋಟಾರು ಗಿರ್ರನೆ ತಿರುಗಿ ಸ್ಪ್ರಿಂಗ್ ಬಿಗಿಯಾಯಿತು. ಅವರು ಬಟನ್ ಒತ್ತಿದರು, ಧಡ್ ಅಂತ ಸದ್ದಾಯಿತು. ಜಯಕ್ಕ ಡೈರಿಗೆ ಫೋನ್ ಹಚ್ಚಿದರು. ಕೂಲರ್ ಓಡುತ್ತಿದೆ, ಹಾಲು ಚೆನ್ನಾಗಿದೆ ಅಂದರಂತೆ. ಅವರ ಮುಖ ಅರಳಿತು.

ಸ್ಕೂಟರ್ ಹತ್ತುತ್ತಾ, "ಎಣ್ಣೆ ಮಡಿಕಳಿ, ಬೋಂಡ ಮಾಡ್ಕಂಡು ತಿನ್ನಿ" ಅಂದರು.

ಈ ಕಡೆ ಬರುವವರು ಕಡಲೆಹಿಟ್ಟು ತನ್ನಿ. ಎಣ್ಣೆಗೆ ನಮ್ಮಲ್ಲಿ ಬರವಿಲ್ಲ.