ಬೆಂಚಿನ ಮೇಲೆ ನಾಲ್ಕೇ ಮಕ್ಕಳು

ನಮ್ಮವರು ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳ ವ್ಯಾನ್ ಓಡಿಸಿದರು. ಮೊದಲು ವ್ಯಾನ್ ಮಾಮ, ಕೂದಲು ಬೆಳ್ಳಗಾದ ಮೇಲೆ ವ್ಯಾನ್ ತಾತ. ಸ್ವಂತ ಹೆಸರು ಲೈಸೆನ್ಸಿನಲ್ಲಿ ಮಾತ್ರ ಇತ್ತು. ಅವರು ಹೋಗಿ ಮೂರು ತಿಂಗಳಾಯಿತು. ಮಕ್ಕಳ ಜೊತೆ ನಡೆದು ನಡೆದೇ ಸತ್ತ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರಿಗಿದ್ದದ್ದು ಒಂದೇ ಜಂಬ. ತಮ್ಮ ವ್ಯಾನಿನ ಮಗು ಹತ್ತು ಹೆಜ್ಜೆಯೂ ನಡೆಯಬಾರದು. ಮನೆ ಬಾಗಿಲಲ್ಲಿ ಹತ್ತಿಸಿಕೊಂಡು ಶಾಲೆಯ ಗೇಟಿಗೆ ವ್ಯಾನಿನ ಮೂತಿ ತಾಗಿಸಿ ಇಳಿಸುತ್ತಿದ್ದರು. ದಾರಿಯಲ್ಲಿ ಗಲಾಟೆ ಆಗದಿರಲಿ ಎಂದು ಸ್ಟೇರಿಂಗ್ ಪಕ್ಕ ಒಂದು ಡಬ್ಬಿ ಇಟ್ಟಿದ್ದರು. ಹೋಗುವಾಗ ತಲೆಗೊಂದು ಚಾಕಲೇಟ್, ಬರುವಾಗ ಇನ್ನೊಂದು. ಡಬ್ಬಿ ತುಂಬುತ್ತಿದ್ದವಳು ನಾನು.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಅದೇ ವ್ಯಾನು, ಅದೇ ಹಿಂದಿನ ಬೆಂಚು, ಅದೇ ಎರಡನೇ ಕ್ಲಾಸಿನ ಮಕ್ಕಳು. ಹಿಂದಿನ ವರ್ಷಗಳಲ್ಲಿ ಆ ವಯಸ್ಸಿನವರು ಐದು ಜನ ಕೂರುತ್ತಿದ್ದರಂತೆ. ಈಗ ನಾಲ್ಕು ಜನಕ್ಕೇ ಬಿಗಿಯಂತೆ. ಬೆಂಚೇನು ಕುಗ್ಗಿಹೋಯಿತೇ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಟೇಪು ತೆಗೆದುಕೊಂಡು ಹೋಗಿ ಬೆಂಚನ್ನು ಅಳೆದು ಬಂದರು. ಅದು ಮೊದಲಿನಷ್ಟೇ ಇತ್ತು.

ಆ ನಾಲ್ವರಲ್ಲಿ ಒಬ್ಬಳು ನಮ್ಮ ಮಗಳ ಮಗಳು, ಪುಟ್ಟಿ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ನಮ್ಮ ಮನೆಯಲ್ಲೇ ಎಲ್ಲರೂ ಇದ್ದೇವೆ, ಹುಡುಗಿಯನ್ನು ಸಾಕಿದ್ದು ನಾನು. ಮೈ ತುಂಬಿಕೊಂಡಿದ್ದಾಳೆ ಎಂದು ಬಂದವರೆಲ್ಲ ಕೆನ್ನೆ ಹಿಂಡುತ್ತಿದ್ದರು. ನನಗೂ ಅದೇ ಹೆಮ್ಮೆ.

ಆ ವರ್ಷ ಆರೋಗ್ಯ ಕೇಂದ್ರದ ನರ್ಸಮ್ಮ ಪ್ರತಿ ಶನಿವಾರ ಶಾಲೆಯ ಸಭಾಂಗಣದಲ್ಲಿ ಮಕ್ಕಳನ್ನೂ ಮನೆಯವರನ್ನೂ ಸೇರಿಸತೊಡಗಿದಳು. ತೂಕ ನೋಡುತ್ತಿದ್ದಳು, ಹಗ್ಗದಾಟ ಆಡಿಸುತ್ತಿದ್ದಳು. ಬಾಟಲಿಯಲ್ಲಿ ಜ್ಯೂಸ್ ಬೇಡ, ನೀರು ಹಾಕಿ, ಟಿವಿ ಮುಂದೆ ಉಣಿಸಬೇಡಿ ಎನ್ನುತ್ತಿದ್ದಳು. ನಮ್ಮವರಿಗೂ ಒಂದು ಮಾತು ಹೇಳಿದಳು. ವ್ಯಾನನ್ನು ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿ, ಅಲ್ಲಿಂದ ಶಾಲೆಗೆ ಕಾಲು ಗಂಟೆ ಮಕ್ಕಳನ್ನು ನಡೆಸಿಕೊಂಡು ಹೋಗಿ ಎಂದು. ಇವರಿಗೆ ಸಿಟ್ಟು ನೆತ್ತಿಗೇರಿತು. ನಿನ್ನೆ ಮೊನ್ನೆ ಬಂದವಳು ನನಗೆ ಕೆಲಸ ಕಲಿಸುತ್ತಾಳೆ ಎಂದು ಗೊಣಗಿದರು.

ಮುಂದಿನ ಶನಿವಾರ ಆಕೆ ಪುಟ್ಟಿಯ ಜಡೆ ಎತ್ತಿ ಕುತ್ತಿಗೆ ನೋಡಿದಳು. ಅಲ್ಲಿ ಕಪ್ಪು ಪಟ್ಟಿ. ದಿನಾ ಉಜ್ಜುತ್ತೇನೆ, ಹೋಗುವುದೇ ಇಲ್ಲ ಎಂದೆ.

"ಉಜ್ಜಬೇಡಿ ಅಮ್ಮ, ಅದು ಕೊಳೆ ಅಲ್ಲ. ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ," ಎಂದಳು.

ಪಕ್ಕದಲ್ಲಿದ್ದ ನಮ್ಮವರು ತಮ್ಮ ಕಾಲರನ್ನು ಮೆಲ್ಲಗೆ ಮೇಲೆಳೆದುಕೊಂಡರು. ಅವರಿಗೂ ಕುತ್ತಿಗೆ ಹಾಗೇ ಇತ್ತು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ನೆನಪಾದ ದಿನ ಮಾತ್ರೆ.

ಪುಟ್ಟಿಯ ಸಕ್ಕರೆ ಕಾಯಿಲೆಯ ಅಂಚಿಗೆ ಬಂದು ನಿಂತಿತ್ತು. ಮನೆಯವರೆಲ್ಲ ಬದಲಾದರೆ ಇಳಿಯುತ್ತದೆ, ಇಲ್ಲದಿದ್ದರೆ ಜೀವನಪೂರ್ತಿ ಇರುತ್ತದೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು. ಮರುದಿನ ಇವರು ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋದರು. ಟ್ಯಾಂಕಿನ ಹತ್ತಿರ ವ್ಯಾನ್ ನಿಲ್ಲಿಸಿ ಎಲ್ಲರನ್ನೂ ಇಳಿಸಿದರು.

ಒಬ್ಬ ತಾಯಿ ಮನೆಗೇ ಬಂದಳು. "ಗೇಟಿಗೆ ಬಿಡಲ್ಲ ಅಂದ್ರೆ ವ್ಯಾನ್ ಯಾಕೆ ತಾತ? ಬರೀ ತೋರಿಕೆಗಾ?"

"ನಿಮ್ಮ ಮಗ ಬೆಂಚಲ್ಲಿ ಹಿಡಿಸ್ತಿಲ್ಲ ತಾಯಿ. ಅದಕ್ಕೆ ನಡೆಸ್ತಿದ್ದೀನಿ."

ಮರುದಿನದಿಂದ ಆ ಮಗು ಬರಲಿಲ್ಲ. ಹಾಗೇ ಒಬ್ಬೊಬ್ಬರಾಗಿ ಬಿಟ್ಟು ಹದಿಮೂರು ಮಕ್ಕಳು ಏಳಾದರು.

ಮೊದಮೊದಲು ಇವರು ಮುಂದೆ, ಪುಟ್ಟಿ ಅಳುತ್ತ ಕೊನೆಗೆ. ಎರಡು ತಿಂಗಳಲ್ಲಿ ಪುಟ್ಟಿ ಮುಂದೆ, ಇವರು ಕೊನೆಗೆ. ಅವಳ ಫ್ರಾಕು ಸಡಿಲವಾಯಿತು. ಇವರು ಮನೆಗೆ ಬಂದವರೇ ಮಲಗುತ್ತಿದ್ದರು. ಕೇಳಿದರೆ ಗ್ಯಾಸು ಎನ್ನುತ್ತಿದ್ದರು. ನಂಬಿದೆ. ನಂಬುವುದೇ ಸುಲಭವಾಗಿತ್ತು.

ಮೂರನೇ ತಿಂಗಳ ಒಂದು ಬೆಳಿಗ್ಗೆ ಶಾಲೆ ಇನ್ನು ನಾಲ್ಕು ಅಂಗಡಿ ದೂರ ಇರುವಾಗ ದರ್ಜಿಯ ಮೆಟ್ಟಿಲ ಮೇಲೆ ಕೂತರು. ಎದೆ ಹಿಡಿದುಕೊಂಡಿದ್ದರು ಎಂದು ದರ್ಜಿ ಹೇಳಿದ. ಏನಾಯ್ತು ತಾತ ಎಂದು ಪುಟ್ಟಿ ಕೇಳಿದಳಂತೆ.

"ಏನಿಲ್ಲ. ನೀನು ಎಲ್ಲರನ್ನೂ ಕರ್ಕೊಂಡು ನಡಿ. ತಿರುಗಿ ನೋಡ್ಬೇಡ."

ಅವಳು ಆರು ಮಕ್ಕಳನ್ನು ಸಾಲಾಗಿ ಗೇಟು ಮುಟ್ಟಿಸಿದಳು. ತಿರುಗಿ ನೋಡಲಿಲ್ಲ. ನಾನು ಹೋಗುವಷ್ಟರಲ್ಲಿ ಮುಗಿದಿತ್ತು.

ರಕ್ತನಾಳ ಕಟ್ಟಿಕೊಳ್ಳಲು ಶುರುವಾಗಿ ವರ್ಷಗಳೇ ಆಗಿದ್ದವು ಎಂದರು ಡಾಕ್ಟರು. ಕೂತು ಓಡಿಸಿದ ಇಪ್ಪತ್ತಾರು ವರ್ಷ, ನುಂಗದ ಮಾತ್ರೆ, ಹೇಳದ ನೋವು. ನಡಿಗೆ ಅಲ್ಲ. ಇದನ್ನು ಮನೆಮನೆಗೂ ಹೇಳಿದೆ. ಯಾರ ಕಿವಿಗೂ ಹೋಗಲಿಲ್ಲ. ಏಳು ಮಕ್ಕಳಲ್ಲಿ ಆರು ಜನ ಬೇರೆ ವ್ಯಾನ್ ಹತ್ತಿದರು. ಅದು ಗೇಟಿಗೇ ಬಿಡುತ್ತದೆ.

ಪುಟ್ಟಿಯನ್ನು ಅವಳಪ್ಪ ಬೈಕಿನಲ್ಲಿ ಬಿಡುತ್ತಿದ್ದ. ಅವಳು ಬಾಗಿಲ ಆಚೆ ಒಂದು ಹೆಜ್ಜೆಯನ್ನೂ ತಾನಾಗಿ ಇಡುತ್ತಿರಲಿಲ್ಲ. ಬಂದವಳೇ ಬಿಸ್ಕತ್ತು ಕೇಳುತ್ತಿದ್ದಳು. ಅಳಬಾರದು ಎಂದು ಕೊಟ್ಟೆ. ನನಗೂ ಬೇರೆ ಏನೂ ಮಾಡಲು ಕೈ ಬರುತ್ತಿರಲಿಲ್ಲ. ಹೋದ ವಾರ ಫ್ರಾಕಿನ ಹುಕ್ಕು ಹಾಕಲು ಹೋದರೆ ಎರಡು ಅಂಚೂ ಕೂಡಲಿಲ್ಲ. ಅದನ್ನು ಹಿಡಿದುಕೊಂಡೇ ನಿಂತೆ.

ಇವತ್ತು ಬೆಳಿಗ್ಗೆ ಅಳಿಯನಿಗೆ ನೀನು ಹೋಗಪ್ಪ ಎಂದೆ. ಅವಳ ಶೂ ನಾನೇ ಕಟ್ಟಿದೆ. ಮನೆಯಿಂದ ಶಾಲೆಗೆ ಮುಕ್ಕಾಲು ಗಂಟೆಯ ದಾರಿ. ಅವಳು ರಸ್ತೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಟ್ಯಾಂಕಿನ ಹತ್ತಿರ ನಾನು ನಿಂತೆ. ಅವಳ ಮುಖದ ಬಣ್ಣವೇ ಹೋಯಿತು. ಏನಿಲ್ಲ ಎಂದೆ.

"ತಾತನೂ ಏನಿಲ್ಲ ಅಂದ್ರು."

"ತಾತ ಸುಳ್ಳು ಹೇಳಿದ್ರು ಪುಟ್ಟಿ. ನಂಗೆ ಮಂಡಿ ನೋಯ್ತಿದೆ. ಎದೆ ನೋವಾದ್ರೆ ಅದನ್ನೂ ಹೇಳ್ತೀನಿ. ಆಗ ಇಬ್ಬರೂ ನಿಲ್ಲೋಣ, ಯಾರನ್ನಾದ್ರೂ ಕರೆಯೋಣ."

ಎರಡು ನಿಮಿಷ ಕೂತೆವು. ದರ್ಜಿಯ ಅಂಗಡಿ ಕಾಣುತ್ತಲೇ ಅವಳ ಕೈ ಬಿಗಿಯಾಯಿತು. ರಸ್ತೆ ದಾಟಿ ಆಚೆ ಬದಿಯಿಂದ ಹೋದೆವು. ನಾವು ಮುಟ್ಟುವಾಗ ಗೇಟು ಹಾಕಿಬಿಟ್ಟಿದ್ದರು. ಬೇಡಿಕೊಂಡ ಮೇಲೆ ತೆಗೆದರು.

ರಕ್ತ ಪರೀಕ್ಷೆ ಬುಧವಾರ. ಏನು ಬರುತ್ತದೋ ನನಗೆ ಗೊತ್ತಿಲ್ಲ. ನಾಳೆ ಕಾಲು ಗಂಟೆ ಮೊದಲು ಹೊರಡಬೇಕು.